ಹೊಲ ಬರೆದುಕೊಟ್ಟು ಓದಿಸುವ ಮೊದಲು



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಬೀಜೋಪಚಾರದ ಮಾತು, ಕಾಯಿಕೊರಕದ ಮಾತು, ಬದು ಹಾಕುವ ಮಾತು ಆಡುತ್ತೇವೆ. ಈ ವಾರ ಬೇರೊಂದು ಬಿತ್ತನೆಯ ಮಾತು. ಅದು ಮಕ್ಕಳ ಓದಿನದು. ಬಿ.ಎಸ್ಸಿ. ಕೃಷಿ ಓದುತ್ತಿರುವ ಮಗನೋ ಮಗಳೋ ಮನೆಯಲ್ಲಿದ್ದರೆ ಇಂದಲ್ಲ ನಾಳೆ ಈ ಪ್ರಶ್ನೆ ನಿಮ್ಮ ಹೊಸ್ತಿಲಿಗೂ ಬರುತ್ತದೆ. ಬಂದಾಗ ಗಡಿಬಿಡಿಯಲ್ಲಿ ಹೆಬ್ಬೆಟ್ಟು ಒತ್ತಬಾರದು. ಅದಕ್ಕಾಗಿ ಈ ಬರಹ.

ಕಡಲೆ ರಾಶಿ ಮುಗಿದ ಹೊತ್ತು. ಕಮತಗಿ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಕಚೇರಿಗೆ ಬಂದರು. ಅವರದು ಆರು ಎಕರೆ ಎರಿ ಹೊಲ, ಮಳೆಯನ್ನೇ ನಂಬಿದ ಭೂಮಿ. ಮನೆಯಾಕೆ ಊರಿನ ಮಗ್ಗದವರಿಗೆ ಕಂಡಿಕಿ ಸುತ್ತಿಕೊಡುತ್ತಾರೆ. ಮಗಳು ನಾಲ್ಕು ವರ್ಷದ ಕೃಷಿ ಪದವಿಯ ಕೊನೆಯ ವರ್ಷದಲ್ಲಿದ್ದಾಳೆ, ಅಂಕಗಳು ಚೆನ್ನಾಗಿವೆ.

“ಸಾಹೇಬ್ರ, ಬೀಜ ಕೇಳಾಕ ಬಂದಿಲ್ರಿ. ಹುಡುಗೀಗೆ ಪರದೇಶದಿಂದ ಎರಡು ಕಾಗದ ಬಂದಾವು. ಯಾವುದಕ್ಕ ಹೂಂ ಅನ್ನೂದೋ ತಿಳೀವಲ್ದು” ಎಂದರು.

ನಾನು ಎರಡೂ ಕಾಗದ ಓದಿದೆ. ಮೊದಲನೆಯದು ಎರಡು ವರ್ಷದ ಸ್ನಾತಕೋತ್ತರ ಪದವಿ, ಅಂದರೆ ನಮ್ಮ ಎಂ.ಎಸ್ಸಿ. ಇದ್ದಂತೆ. ಶುಲ್ಕ, ಊಟ, ಬಾಡಿಗೆ ಎಲ್ಲ ನಮ್ಮದೇ. ವಿಶ್ವವಿದ್ಯಾಲಯ ಒಂದು ಪೈಸೆ ಕೊಡುವುದಿಲ್ಲ. ಎರಡನೆಯದು ಅಮೆರಿಕದ ಒಂದು ವಿಶ್ವವಿದ್ಯಾಲಯದ್ದು. ಅದು ನೇರವಾಗಿ ಪಿಎಚ್.ಡಿ., ಸುಮಾರು ಐದು ವರ್ಷದ್ದು. ಶುಲ್ಕ ಮಾಫಿ, ಪ್ರಾಧ್ಯಾಪಕರ ಸಂಶೋಧನೆಯಲ್ಲಿ ಕೆಲಸ ಮಾಡಿದ್ದಕ್ಕೆ ತಿಂಗಳು ತಿಂಗಳು ಶಿಷ್ಯವೇತನ.

ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್ಸಿ. ಆದ ಮೇಲೆಯೇ ಪಿಎಚ್.ಡಿ. ಅಮೆರಿಕದ ಕೆಲವು ವಿಭಾಗಗಳಲ್ಲಿ ಮಾತ್ರ ನಾಲ್ಕು ವರ್ಷದ ಪದವಿ ಮುಗಿಸಿದವರನ್ನು ನೇರವಾಗಿ ಪಿಎಚ್.ಡಿ.ಗೆ ತೆಗೆದುಕೊಳ್ಳುವುದುಂಟು. ದೊಡ್ಡ ಪದವಿಗೆ ರೊಕ್ಕ ಕೊಡುತ್ತಾರೆ, ಸಣ್ಣ ಪದವಿಗೆ ರೊಕ್ಕ ಕೇಳುತ್ತಾರೆ ಎಂಬ ವಿಚಿತ್ರ ಹೀಗೆ ಹುಟ್ಟುತ್ತದೆ. ಇದರಲ್ಲಿ ಮೋಸವಿಲ್ಲ. ಎಂ.ಎಸ್ಸಿ. ಓದುವವನು ಬಹುಮಟ್ಟಿಗೆ ಪಾಠ ಕೇಳುವವನು, ಅವನು ಗಿರಾಕಿ. ಪಿಎಚ್.ಡಿ. ಮಾಡುವವನು ಪ್ರಯೋಗಾಲಯದಲ್ಲಿ, ಪ್ರಯೋಗದ ತಾಕಿನಲ್ಲಿ ದುಡಿಯುವವನು, ಅವನು ಕೆಲಸಗಾರ. ಗಿರಾಕಿ ದುಡ್ಡು ಕೊಡುತ್ತಾನೆ, ಕೆಲಸಗಾರ ದುಡ್ಡು ಪಡೆಯುತ್ತಾನೆ.

ಆ ಯಜಮಾನರ ಮನಸ್ಸು ಮೊದಲನೆಯ ಕಾಗದದ ಕಡೆಗೇ ವಾಲಿತ್ತು. “ಎರಡು ವರ್ಷದ್ದು ಲಗೂ ಮುಗೀತೈತ್ರಿ. ಎರಡೆಕರೆ ಬರದು ಕೊಟ್ರ ರೊಕ್ಕ ಹುಟ್ಟತೈತಿ. ಐದು ವರ್ಷ ಅಂದ್ರ ಹುಡುಗಿ ವಯಸ್ಸು ಎಷ್ಟಾತು?” ಎಂಬುದು ಅವರ ಲೆಕ್ಕ. ಮಗಳು ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ “ಸರ್, ಐದು ವರ್ಷ ಒಂದೇ ವಿಷಯ ಹಿಡಕೊಂಡು ಕುಂದ್ರಾಕ ನನಗ ಆಗತೈತೋ ಇಲ್ಲೋ, ಅದೂ ಗೊತ್ತಿಲ್ರಿ” ಎಂದಳು.

ತಂದೆಯ ಮಾತಿನಲ್ಲಿ ಒಂದು ತಪ್ಪು ಲೆಕ್ಕವಿತ್ತು. ಮಗಳ ಮಾತಿನಲ್ಲಿ ಒಂದು ಸರಿಯಾದ ಪ್ರಶ್ನೆಯಿತ್ತು. ಎರಡನ್ನೂ ಬಿಡಿಸಿ ನೋಡೋಣ.

ಸಾಲದ ಲೆಕ್ಕ

ಮೊದಲು ರೊಕ್ಕದ ಮಾತು. ಪರದೇಶದ ಎರಡು ವರ್ಷದ ಓದಿಗೆ ಇಪ್ಪತ್ತು ಲಕ್ಷ ರೂಪಾಯಿ ಸಾಲ ಎತ್ತಿದಿರಿ ಎಂದು ಹಿಡಿಯಿರಿ. ಬಡ್ಡಿ ಶೇಕಡಾ 11 ಎನ್ನೋಣ. ವರ್ಷಕ್ಕೆ ಬಡ್ಡಿ 2,20,000 ರೂಪಾಯಿ. ಓದುವ ಎರಡು ವರ್ಷ, ಆಮೇಲೆ ನೌಕರಿ ಹುಡುಕಲು ಒಂದು ವರ್ಷ, ಹೀಗೆ ಮೂರು ವರ್ಷ ಬ್ಯಾಂಕು ಕಂತು ಕೇಳುವುದಿಲ್ಲ. ಆದರೆ ಬಡ್ಡಿ ಮಲಗಿರುವುದಿಲ್ಲ. ಮೂರು ವರ್ಷಕ್ಕೆ 6,60,000 ಆಗುತ್ತದೆ. ಮರುಪಾವತಿ ಶುರುವಾಗುವ ದಿನ ನಿಮ್ಮ ಹೆಸರಿಗೆ 26,60,000 ನಿಂತಿರುತ್ತದೆ. ಹಣವನ್ನು ಕಂತು ಕಂತಾಗಿ ಎತ್ತಿದರೆ ತುಸು ಕಡಿಮೆಯಾದೀತು, ಅಷ್ಟೇ. ಅದನ್ನು ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 36,600 ರೂಪಾಯಿ ಕಟ್ಟಬೇಕು. ಪರದೇಶದಲ್ಲಿ ಕೆಲಸ ಸಿಕ್ಕರೆ ಇದು ದೊಡ್ಡ ಮೊತ್ತವಲ್ಲ. ಸಿಗದೆ ಊರಿಗೆ ಮರಳಿ ಬೀಜದ ಕಂಪನಿಯೊಂದರಲ್ಲಿ ಹೊಸಬರಾಗಿ ಸೇರಿದರೆ ಹೆಚ್ಚುಕಡಿಮೆ ಇಡೀ ಪಗಾರವೇ ಅದರಲ್ಲಿ ಹೋದೀತು.

ಈಗ ಹೊಲದ ಮಾತು. ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಅನುಸರಿಸುವ ಮಾದರಿ ಯೋಜನೆಯಲ್ಲಿ ನಾಲ್ಕು ಲಕ್ಷದವರೆಗೆ ಆಸ್ತಿಯ ಆಧಾರ ಬೇಕಿಲ್ಲ. ಅಲ್ಲಿಂದ ಏಳೂವರೆ ಲಕ್ಷದವರೆಗೆ ಜಾಮೀನುದಾರ ಸಾಕು. ಅದಕ್ಕೂ ಮೇಲೆ ಆಸ್ತಿ ಒತ್ತೆಯಿಡಬೇಕು. ಆದರೆ ಒಣಬೇಸಾಯದ ಹೊಲವನ್ನು ಈ ಸಾಲಕ್ಕೆ ಒತ್ತೆ ಹಿಡಿಯಲು ಬಹಳ ಬ್ಯಾಂಕುಗಳು ಒಪ್ಪುವುದಿಲ್ಲ. ಮನೆ, ಪ್ಲಾಟು, ಠೇವಣಿ ಕೇಳುತ್ತವೆ. ಅವೆಲ್ಲ ಇಲ್ಲದ ರೈತ ಏನು ಮಾಡುತ್ತಾನೆ? ಹೊಲ ಮಾರುತ್ತಾನೆ, ಇಲ್ಲವೆ ಖಾಸಗಿಯವರಿಗೆ ಬರೆದುಕೊಡುತ್ತಾನೆ. ಖಾಸಗಿ ಬಡ್ಡಿ ಓದು ಮುಗಿಯುವವರೆಗೆ ಕಾಯುವುದಿಲ್ಲ. ಮೊದಲ ತಿಂಗಳಿಂದಲೇ ಕದ ಬಡಿಯುತ್ತದೆ.

2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಒತ್ತೆ, ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ವಾರ್ಷಿಕ ಆದಾಯ ಎಂಟು ಲಕ್ಷದೊಳಗಿನ ಕುಟುಂಬಗಳಿಗೆ ಹತ್ತು ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇಕಡಾ 3ರ ರಿಯಾಯಿತಿಯೂ ಇದೆ. ಆದರೆ ಅದು ನಮ್ಮ ದೇಶದ ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ, ಪರದೇಶಕ್ಕೆ ಹೋಗುವವರಿಗಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಬ್ಯಾಂಕಿಗೆ ಅಲೆದವರನ್ನು ನೋಡಿದ್ದೇನೆ.

ಸಾಲ ತೀರುವುದು ಅಲ್ಲಿ ಸಿಗುವ ನೌಕರಿಯಿಂದ. ನೌಕರಿ ಅಲ್ಲಿನ ಸರ್ಕಾರದ ಕಾಯಿದೆಯ ಕೈಯಲ್ಲಿ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಹೊರದೇಶದಿಂದ ಹೊಸದಾಗಿ ಕರೆಸಿಕೊಳ್ಳುವ ಎಚ್-1ಬಿ ನೌಕರರಿಗೆ ಕಂಪನಿಗಳು ಒಂದು ಲಕ್ಷ ಡಾಲರ್ ಕಟ್ಟಬೇಕೆಂದು ಆಜ್ಞೆ ಹೊರಡಿಸಿದರು. ನಾಳೆ ಅದು ಬದಲಾದೀತು, ಮತ್ತೆ ಬಂದೀತು. ನಮ್ಮ ಮುಂಗಾರಿಗಿಂತ ಅದನ್ನು ಹೆಚ್ಚು ನಂಬುವಂತಿಲ್ಲ. ಮುಂಗಾರಿ ಕೈಕೊಟ್ಟರೆ ಹಿಂಗಾರಿಗೆ ಜೋಳ ಬಿತ್ತಬಹುದು. ಹೊಲವೇ ಹೋದರೆ ಯಾವುದನ್ನು ಎಲ್ಲಿ ಬಿತ್ತುವುದು?

ಕಟ್ಟೆಯ ಮೇಲಿನ ಮಾತುಗಳು

ಇಂಥ ವಿಷಯದಲ್ಲಿ ಊರವರ ಸಲಹೆಗೆ ಬರವಿಲ್ಲ. “ಎರಡು ವರ್ಷದ್ದೇ ಚಲೋ, ಲಗೂ ಕೈಗೆ ಬರತೈತಿ” ಎನ್ನುತ್ತಾರೆ. ಎರಡು ವರ್ಷದ ಓದಿನ ಹಿಂದೆ ಹತ್ತು ವರ್ಷದ ಕಂತು ಇರುವುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಶಿಷ್ಯವೇತನದ ಐದು ವರ್ಷ ಮುಗಿದಾಗ ತಲೆಯ ಮೇಲೆ ಸಾಲವಿರುವುದಿಲ್ಲ. ಯಾವುದು ಬೇಗ ಮುಗಿಯಿತು, ನೀವೇ ಹೇಳಿ.

“ಹುಡುಗಿಯ ಲಗ್ನ?” ಎಂಬುದು ಎರಡನೆಯ ಮಾತು. ಇದು ಸಣ್ಣ ಮಾತಲ್ಲ, ತಂದೆ ತಾಯಿಯ ಕಳವಳ ನನಗೆ ಅರ್ಥವಾಗುತ್ತದೆ. ಆದರೆ ಮಗನಿಗೆ ಇದೇ ಕಾಗದ ಬಂದಿದ್ದರೆ ಐದು ವರ್ಷ ಎಂದು ಬೆರಳು ಮಡಿಚುತ್ತಿದ್ದೆವೆಯೇ ಎಂದು ಒಮ್ಮೆ ಕೇಳಿಕೊಳ್ಳಿ. ಪಿಎಚ್.ಡಿ. ಮಾಡುತ್ತಲೇ ಮದುವೆಯಾದವರು ಎಷ್ಟೋ ಜನ ಇದ್ದಾರೆ. ಸಾಲದ ಭಾರವಿರುವ ಮನೆಯಲ್ಲಿ ಲಗ್ನ ಮುಂದೂಡಿದ್ದೂ ನಾನು ಕಂಡಿದ್ದೇನೆ.

ಮೂರನೆಯವರು ಪೇಟೆಯ ಏಜೆಂಟರು. ಇವರ ವಿಷಯದಲ್ಲಿ ಎಚ್ಚರ ಬೇಕು. ಶುಲ್ಕ ಕಟ್ಟಿ ಸೇರುವ ವಿದ್ಯಾರ್ಥಿಯನ್ನು ಒದಗಿಸಿದರೆ ಪರದೇಶದ ಎಷ್ಟೋ ವಿಶ್ವವಿದ್ಯಾಲಯಗಳು ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಶಿಷ್ಯವೇತನದ ಪಿಎಚ್.ಡಿ. ಸ್ಥಾನ ಪ್ರಾಧ್ಯಾಪಕರಿಗೆ ನೇರವಾಗಿ ಪತ್ರ ಬರೆದು ಪಡೆಯುವಂಥದು, ಅಲ್ಲಿ ಏಜೆಂಟರಿಗೆ ಹುಟ್ಟುವಳಿಯಿಲ್ಲ. ಆದ್ದರಿಂದ ಅವರು ಯಾವುದನ್ನು ಹೊಗಳುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ. ಔಷಧದ ಅಂಗಡಿಯವನನ್ನು ಬೆಳೆಗೆ ಏನು ಹೊಡೆಯಲಿ ಎಂದು ಕೇಳಿದರೆ ಅವನು ಅಂಗಡಿಯಲ್ಲಿ ಇರುವುದನ್ನೇ ಹೇಳುತ್ತಾನಲ್ಲವೇ?

ಪರರ ನೆರವಿನಿಂದ ಓದುವುದು ಹೊಸದಲ್ಲ

ಇನ್ನೊಬ್ಬರ ರೊಕ್ಕದಿಂದ ಓದುವುದು ಅವಮಾನವೆಂದು ಕೆಲವರು ತಿಳಿಯುತ್ತಾರೆ. ನಮ್ಮ ಸೀಮೆಯಲ್ಲಿ ವಾರಾನ್ನ ಉಂಡು, ಮಠಗಳ ಪ್ರಸಾದನಿಲಯಗಳಲ್ಲಿ ಇದ್ದು ಓದಿ ದೊಡ್ಡವರಾದವರಿಗೆ ಲೆಕ್ಕವಿಲ್ಲ. ಇದೇ ಮಲಪ್ರಭೆಯ ಸೀಮೆಯ ಸಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡರು. ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟರು. ನವಲಗುಂದ-ಸಿರಸಂಗಿ ಟ್ರಸ್ಟಿನ ವಿದ್ಯಾರ್ಥಿವೇತನ ಹುಟ್ಟಿದ್ದು ಹಾಗೆ. ಬಡವರು ತಮ್ಮ ತುಂಡು ಹೊಲ ಮಾರಿ ಓದಬಾರದೆಂದು ದೊಡ್ಡ ಹಿಡುವಳಿಯ ಒಬ್ಬರು ತಮ್ಮ ಹೊಲಗಳನ್ನೇ ಕೊಟ್ಟರು. ಶಿಷ್ಯವೇತನ ಎಂಬುದರ ಅರ್ಥ ಇದೇ. ನಿಮ್ಮ ಮಗುವಿನ ಓದಿನ ಅಪಾಯದಲ್ಲಿ ಇನ್ನೊಬ್ಬರು ಪಾಲು ತೆಗೆದುಕೊಳ್ಳುತ್ತಾರೆ. ಶಿಷ್ಯವೇತನವಿಲ್ಲದ ಕಡೆ ಅಪಾಯವೆಲ್ಲ ನಿಮ್ಮೊಬ್ಬರದೇ.

ಆದರೆ ನೆರವಿಗೂ ಕರಾರು ಇರುತ್ತದೆ, ಕೊನೆ ಇರುತ್ತದೆ. ಡಾ. ಬಿ. ಆರ್. ಅಂಬೇಡ್ಕರ್ ಅವರು 1913ರಲ್ಲಿ ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಓದು ಮುಗಿದ ಮೇಲೆ ಹತ್ತು ವರ್ಷ ಬಡೋದೆಯ ಸೇವೆ ಮಾಡಬೇಕೆಂಬ ಕರಾರು ಇತ್ತು. 1916ರಲ್ಲಿ ಅವರು ಲಂಡನ್ನಿಗೆ ಹೋದರು. ವಿದ್ಯಾರ್ಥಿವೇತನದ ಅವಧಿ ಮುಗಿದುದರಿಂದ 1917ರಲ್ಲಿ ಅಲ್ಲಿನ ಓದನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಅವರು ಅದನ್ನು ಅಲ್ಲಿಗೇ ಬಿಡಲಿಲ್ಲ. ಮುಂಬೈಯ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿದರು, ಪಗಾರದಲ್ಲಿ ಉಳಿಸಿದರು. ಕೊಲ್ಲಾಪುರದ ಶಾಹೂ ಮಹಾರಾಜರ ನೆರವು, ಗೆಳೆಯರೊಬ್ಬರ ಸಾಲ ಸೇರಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ಡಿ.ಎಸ್ಸಿ. ಪಡೆದರು. ನೆರವು ನಿಂತೀತು, ಆಗ ಎದೆಗುಂದಬಾರದು. ಕಾದು ಮತ್ತೆ ಹೋಗಬಹುದು. ಈ ಎರಡನೆಯ ಮಾತಿಗೆ ಮತ್ತೆ ಬರುತ್ತೇನೆ.

ಶಿಷ್ಯವೇತನವೂ ಪುಕ್ಕಟೆಯಲ್ಲ

ಇಲ್ಲಿಯವರೆಗೆ ಓದಿದವರು “ಹಾಗಾದರೆ ಪಿಎಚ್.ಡಿ.ಗೇ ಕಳಿಸಿಬಿಡೋಣ” ಎಂದಾರು. ತಡೆಯಿರಿ. ಆ ಹುಡುಗಿ ಕೇಳಿದ ಪ್ರಶ್ನೆ ಇನ್ನೂ ಉಳಿದಿದೆ.

ಎಂ.ಎಸ್ಸಿ. ಹೆಸರು ಬೆಳೆಯಂತೆ, ಬಿತ್ತಿದ ಕೆಲವೇ ದಿನಗಳಲ್ಲಿ ರಾಶಿಯಾಗುತ್ತದೆ. ಪಿಎಚ್.ಡಿ. ಮಾವಿನ ತೋಪಿನಂತೆ. ನೀರು ಹಾಕಿ ಕಾಯಬೇಕು, ನಡುವೆ ಕೈಗೆ ಏನೂ ಸಿಗದ ವರ್ಷಗಳು ಬರುತ್ತವೆ. ಪ್ರಯೋಗ ಕೆಡುತ್ತದೆ, ಮತ್ತೆ ಮೊದಲಿನಿಂದ ಮಾಡಬೇಕು. ನಮ್ಮ ಸೀಮೆಯ ಹಿಂಗಾರಿ ಜೋಳ ಎಂ 35-1, ನೀವು ಮಾಲದಂಡಿ ಎನ್ನುವುದು, 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ಕೆಯಾದ ತಳಿ. ಇಂದಿಗೂ ಅದನ್ನು ಬಿತ್ತುತ್ತೇವೆ. ವಿಜಯಪುರದ ಒಣಬೇಸಾಯ ಸಂಶೋಧನಾ ಕೇಂದ್ರ ಶುರುವಾದದ್ದು 1933ರಲ್ಲಿ. ಹೊಸ ತಳಿಯೊಂದು ಸಂಕರಣದಿಂದ ರೈತನ ಕೂರಿಗೆಗೆ ಬರಲು ಹತ್ತು ವರ್ಷ ಹಿಡಿಯುವುದು ಸಾಮಾನ್ಯ. ಸಂಶೋಧನೆಯೆಂದರೆ ಈ ಗತಿಯ ಕೆಲಸ. ರೊಕ್ಕ ಸಿಗುತ್ತದೆಂಬ ಒಂದೇ ಕಾರಣಕ್ಕೆ ಇದರೊಳಗೆ ಇಳಿದವನು ಮೂರನೆಯ ವರ್ಷಕ್ಕೆ ಬೇಸರಪಟ್ಟು ಹೊರಗೆ ಬರುತ್ತಾನೆ. ಸಾಲ ಇರುವುದಿಲ್ಲ, ನಿಜ. ಆದರೆ ಹರೆಯದ ಮೂರು ವರ್ಷ ಹೋಗಿರುತ್ತವೆ.

“ಶಿಷ್ಯವೇತನ ತಗೊಂಡು ಹೋಗು, ನಡುವೆ ಎಂ.ಎಸ್ಸಿ. ಪದವಿ ಕೈಗೆ ಬಂದ ಕೂಡಲೆ ಬಿಟ್ಟು ನೌಕರಿ ಹಿಡಿ” ಎಂದು ಉಪಾಯ ಹೇಳುವವರೂ ಇದ್ದಾರೆ. ಅಲ್ಲಿನ ಎಷ್ಟೋ ವಿಶ್ವವಿದ್ಯಾಲಯಗಳು ಪಿಎಚ್.ಡಿ.ಯನ್ನು ನಡುವೆ ಬಿಡುವವರಿಗೆ ನಿಯಮದಂತೆ ಮಾಡಿದ ಓದಿಗೆ ಸ್ನಾತಕೋತ್ತರ ಪದವಿ ಕೊಡುವುದುಂಟು. ಹೋಗಿ ಮಾಡಿ ನೋಡಿ, ತನ್ನಿಂದ ಆಗದೆಂದು ತಿಳಿದು ಬಿಟ್ಟರೆ ಅದರಲ್ಲಿ ನಾಚಿಕೆಯಿಲ್ಲ. ಬಿಡುವ ಎಣಿಕೆ ಇಟ್ಟುಕೊಂಡೇ ಸೇರುವುದು ಬೇರೆ. ಬೀಜೋತ್ಪಾದನೆಗೆ ಕರಾರು ಮಾಡಿಕೊಂಡು, ಮುಂಗಡ ಪಡೆದು, ಹೂವಾಡುವ ಹೊತ್ತಿಗೆ ಹೊಲ ಬಿಟ್ಟು ಹೋದ ಹಾಗೆ. ಮರುವರ್ಷ ಆ ಊರಿಗೆ ಕಂಪನಿ ಬರುವುದಿಲ್ಲ. ಹಾಗೆಯೇ ನಮ್ಮ ಸೀಮೆಯಿಂದ ಮುಂದೆ ಅರ್ಜಿ ಹಾಕುವ ಹುಡುಗ ಹುಡುಗಿಯರ ಮೇಲಿನ ನಂಬಿಗೆಯೂ ಹೋಗುತ್ತದೆ. ಈ ಉಪಾಯ ನನಗೆ ಒಪ್ಪಿಗೆಯಿಲ್ಲ.

ಆದ್ದರಿಂದ ಶಿಷ್ಯವೇತನದ ಕಾಗದಕ್ಕೆ ಒಪ್ಪುವ ಮೊದಲು ಮಕ್ಕಳು ನಾಲ್ಕು ವಿಷಯ ವಿಚಾರಿಸಬೇಕು. ಎಷ್ಟು ವರ್ಷದ ನೆರವು ಬರಹದಲ್ಲಿ ಖಾತರಿಯಿದೆ, ಒಂದೊಂದು ವರ್ಷದ್ದೋ, ಪೂರ್ತಿ ಅವಧಿಯದೋ? ಪ್ರಾಧ್ಯಾಪಕರ ಯೋಜನೆಯ ಹಣ ನಿಂತರೆ ವಿಭಾಗ ಬೇರೆ ದಾರಿ ಮಾಡುತ್ತದೆಯೇ? ಅಮೆರಿಕದಲ್ಲಿ 2025ರಲ್ಲಿ ಕೇಂದ್ರ ಸರ್ಕಾರದ ಸಂಶೋಧನಾ ಹಣ ಕಡಿತಗೊಂಡಾಗ ಕೆಲವು ಕಡೆ ಪ್ರವೇಶಗಳನ್ನೇ ಹಿಂದಕ್ಕೆ ಪಡೆದದ್ದುಂಟು, ಆದ್ದರಿಂದ ಈ ಪ್ರಶ್ನೆ ಕೇಳಲು ಸಂಕೋಚ ಬೇಡ. ಅದೇ ಪ್ರಾಧ್ಯಾಪಕರ ಕೈಕೆಳಗೆ ಈಗ ಇರುವ ವಿದ್ಯಾರ್ಥಿಗಳು ಏನು ಹೇಳುತ್ತಾರೆ, ಎಷ್ಟು ವರ್ಷದಲ್ಲಿ ಮುಗಿಸಿದ್ದಾರೆ? ಎಲ್ಲಕ್ಕಿಂತ ಮುಖ್ಯವಾಗಿ, ವಿಷಯ ತನಗೆ ಬೇಕಾದದ್ದೇ?

ಈ ಕೊನೆಯ ಪ್ರಶ್ನೆಗೆ ಉತ್ತರ ಊರಿನಲ್ಲೇ ಸಿಗಬಹುದು. ಹುನಗುಂದದ ನಾಗರಾಳ ಮನೆತನದವರ ಹೊಲದ ಒಡ್ಡುಗಳನ್ನು ನೀವು ಬಲ್ಲಿರಿ. ಓಡುವ ನೀರನ್ನು ನಡೆಸಿ, ನಡೆಯುವ ನೀರನ್ನು ನಿಲ್ಲಿಸಿ, ಮಣ್ಣು ಕೊಚ್ಚಿಹೋಗದಂತೆ ಕಾದ ವಿದ್ಯೆ ಅದು. ಅಂಥ ಒಡ್ಡಿನ ಮೇಲೆ ನಿಂತಾಗ ಯಾವ ಹುಡುಗಿಗೆ “ಈ ಎರಿಯಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ, ಏಕೆ ನಿಲ್ಲುತ್ತದೆ, ಒಡ್ಡಿನ ಕೆಳಗಿನ ಜೋಳಕ್ಕೂ ಮೇಲಿನ ಜೋಳಕ್ಕೂ ಏನು ಅಂತರ” ಎಂದು ಕೇಳಬೇಕೆನಿಸುತ್ತದೋ, ಕೇಳಿ ಸುಮ್ಮನಾಗದೆ ಅಳೆದು ನೋಡಬೇಕೆನಿಸುತ್ತದೋ, ಅವಳು ಪಿಎಚ್.ಡಿ.ಗೆ ಹುಟ್ಟಿದವಳು. ಹಾಗೆ ಅನಿಸದವರು ಕಡಿಮೆಯವರೇನಲ್ಲ. ಅವರು ಒಳ್ಳೆಯ ಅಧಿಕಾರಿಯಾದಾರು, ಬ್ಯಾಂಕಿನವರಾದಾರು, ಒಳ್ಳೆಯ ರೈತರೂ ಆದಾರು.

ಯಾವ ಕೆಲಸಕ್ಕೆ ಯಾವ ಓದು

ಇದನ್ನೂ ತಿಳಿದಿರಬೇಕು. ಕೃಷಿ ಇಲಾಖೆಯಲ್ಲಿ ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಆಗಲು ಬಿ.ಎಸ್ಸಿ. ಪದವಿ ಸಾಕು, ಲೋಕಸೇವಾ ಆಯೋಗದ ಪರೀಕ್ಷೆ ಗೆಲ್ಲಬೇಕು. ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿಗೂ ನಾಲ್ಕು ವರ್ಷದ ಪದವಿ ಸಾಕು. ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಷಯ ತಜ್ಞರಾಗಲು ಎಂ.ಎಸ್ಸಿ. ಬೇಕು. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿ ಸಂಶೋಧನೆ ನಡೆಸಿ ಮೇಲೆ ಏರಬೇಕೆಂದರೆ ಪಿಎಚ್.ಡಿ. ಇಲ್ಲದೆ ನಡೆಯದು. ಹೀಗಿರುವಾಗ ಅಧಿಕಾರಿಯಾಗಬೇಕೆಂಬ ಹುಡುಗ ಇಪ್ಪತ್ತು ಲಕ್ಷ ಸಾಲ ಮಾಡಿ ಪರದೇಶದಲ್ಲಿ ಎಂ.ಎಸ್ಸಿ. ಮಾಡುವುದು, ಹೊಲಕ್ಕೆ ಹೋಗಲು ವಿಮಾನ ಹಿಡಿದಂತೆ.

ಎಂ.ಎಸ್ಸಿ. ಬೇಕೇ ಬೇಕು ಎನ್ನುವವರಿಗೆ ನೆರವಿನ ದಾರಿಗಳು ಮನೆಯ ಹತ್ತಿರವೇ ಇವೆ. ಧಾರವಾಡ, ರಾಯಚೂರು, ಬೆಂಗಳೂರು, ಶಿವಮೊಗ್ಗಗಳ ಕೃಷಿ ವಿಶ್ವವಿದ್ಯಾಲಯಗಳಿವೆ. ನಮ್ಮ ಬಾಗಲಕೋಟೆಯಲ್ಲೇ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಖಿಲ ಭಾರತ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಎಂ.ಎಸ್ಸಿ. ಓದಲು ತಿಂಗಳಿಗೆ 12,640 ರೂಪಾಯಿ ಫೆಲೋಶಿಪ್ ನಿಗದಿಯಾಗಿದೆ. ಎರಡು ವರ್ಷಕ್ಕೆ ಮೂರು ಲಕ್ಷ ದಾಟಿತು. ಎಂ.ಎಸ್ಸಿ. ಮುಗಿಸಿ ಯು.ಜಿ.ಸಿ.ಯ ಜೆ.ಆರ್.ಎಫ್. ಗೆದ್ದು ಪಿಎಚ್.ಡಿ. ಮಾಡುವವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000, ಎರಡು ವರ್ಷದ ನಂತರ 42,000 ರೂಪಾಯಿ ಎಂದು ಏರಿಸಲಾಗಿದೆ.

ಪರದೇಶಕ್ಕೇ ಹೋಗಬೇಕೆಂಬವರಿಗೂ ಸಾಲವೊಂದೇ ದಾರಿಯಲ್ಲ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಅದು ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯಗಳಿಗಷ್ಟೇ ಅಲ್ಲ, ಭೂಹೀನ ಕೃಷಿ ಕಾರ್ಮಿಕರ ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೂ ಉಂಟು. ಒಟ್ಟು 125 ಸ್ಥಾನಗಳಲ್ಲಿ ಈ ಕೊನೆಯ ಎರಡು ವರ್ಗಕ್ಕೆ ಇರುವುದು ಬರೀ ನಾಲ್ಕು ಎಂಬುದೂ ನಿಜ. ಎಂ.ಎಸ್ಸಿ.ಗೂ ಪಿಎಚ್.ಡಿ.ಗೂ ಅರ್ಜಿ ಹಾಕಬಹುದು. ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷದೊಳಗಿರಬೇಕು. ಕಮತಗಿ, ಇಳಕಲ್ಲಿನ ಮಗ್ಗದ ಮನೆಗಳಲ್ಲಿ ಓದುವ ಮಕ್ಕಳು ಇದರ ಷರತ್ತುಗಳನ್ನು ಒಮ್ಮೆ ಓದಿ ನೋಡಲಿ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಪರಿಶಿಷ್ಟ ಜಾತಿ, ಪಂಗಡದವರ ವಿದೇಶಿ ಓದಿಗಾಗಿ ಬಂದದ್ದು. ಇದಲ್ಲದೆ ಅಮೆರಿಕದ ಕೃಷಿ ವಿಭಾಗಗಳಲ್ಲಿ ಪ್ರಬಂಧ ಬರೆಯುವ ಎಂ.ಎಸ್. ಓದಿಗೂ ಪ್ರಾಧ್ಯಾಪಕರ ಯೋಜನೆಯಿಂದ ಶಿಷ್ಯವೇತನ ಸಿಗುವುದುಂಟು. ಹಾಗಾಗಿ ರೊಕ್ಕದ ಪಿಎಚ್.ಡಿ., ಇಲ್ಲವೆ ಸಾಲದ ಎಂ.ಎಸ್ಸಿ. ಎಂದು ಎರಡೇ ಬಾಗಿಲು ಇವೆ ಎಂದು ತಿಳಿಯಬೇಡಿ.

ನನ್ನ ತಪ್ಪು

ನನ್ನದೂ ಒಂದು ಮಾತು ಹೇಳಿಬಿಡುತ್ತೇನೆ. ನಾನು ಬಿ.ಎಸ್ಸಿ. ಮುಗಿಸಿದಾಗ ನನಗೂ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ಫೆಲೋಶಿಪ್ ಇರಲಿಲ್ಲ. ಪದವಿ ಓದಿಸಲೆಂದೇ ಅಪ್ಪ ನಾಲ್ಕೆಕರೆ ಹೊಲ ಲಾವಣಿಗೆ ಹಾಕಿದ್ದರು. ಉಳಿದದ್ದನ್ನೂ ಬರೆದುಕೊಡುತ್ತೇನೆ ಎಂದರು. ನಾನು ಬೇಡವೆಂದೆ. ತಂಗಿಯ ಲಗ್ನ ಬಾಕಿಯಿತ್ತು, ಒಂದು ಜೋಡಿ ಎತ್ತು ಮಾತ್ರ ಉಳಿದಿದ್ದವು. ಬೇಡವೆಂದದ್ದು ಸರಿ ಎಂದು ಇಂದಿಗೂ ಹೇಳುತ್ತೇನೆ. ಎರಡು ಹಂಗಾಮಿನ ಮೇಲೆ ಆ ನಾಲ್ಕೆಕರೆ ನಮ್ಮ ಕೈಗೆ ಮರಳಿತು.

ತಪ್ಪು ಮಾಡಿದ್ದು ಆಮೇಲೆ. ಮರುವರ್ಷ ಫೆಲೋಶಿಪ್ ಪರೀಕ್ಷೆಗೆ ಮತ್ತೆ ಕುಳಿತುಕೊಳ್ಳಬಹುದಿತ್ತು. ಕುಳಿತುಕೊಳ್ಳಲಿಲ್ಲ. “ನಮ್ಮ ಮನೆತನಕ್ಕೆ ಅದು ಹೇಳಿದ್ದಲ್ಲ” ಎಂದುಕೊಂಡು ಪುಸ್ತಕ ಕಟ್ಟಿಟ್ಟೆ. ಬಾಗಿಲು ಮುಚ್ಚಿರಲಿಲ್ಲ, ನಾನೇ ಎರಡನೆಯ ಸಲ ತಟ್ಟಲಿಲ್ಲ. ಕೆಲಸ ಸಿಕ್ಕಿತು, ಸಂಸಾರವಾಯಿತು. ನಿಮ್ಮ ನಡುವೆ ಓಡಾಡುವ ಈ ಕೆಲಸದ ಬಗ್ಗೆ ನನಗೆ ಬೇಸರವಿಲ್ಲ. ಆದರೂ ಕಡಲೆಯ ಸೊರಗು ರೋಗ ಬಂದ ಹೊಲದಲ್ಲಿ ನಿಂತು, ಯಾರೋ ಬರೆದುಕೊಟ್ಟ ಶಿಫಾರಸನ್ನು ಓದಿ ಹೇಳುವಾಗ, ಇದರ ಬುಡಕ್ಕೆ ನಾನೇ ಹೋಗಿ ನೋಡಬಹುದಿತ್ತಲ್ಲ ಎಂದು ಒಂದೊಂದು ಸಲ ಅನಿಸುತ್ತದೆ.

ಹೊಲವನ್ನೂ ಉಳಿಸಿಕೊಂಡು ಓದನ್ನೂ ಬಿಡದ ಮೂರನೆಯ ದಾರಿ ಅದೇ ಆಗಿತ್ತು, ಒಂದು ವರ್ಷ ಕಾಯುವುದು. ನಮ್ಮ ರೈತನಿಗೆ ಇದನ್ನು ಕಲಿಸಬೇಕಿಲ್ಲ. ಹದವಿಲ್ಲದ ಹೊಲಕ್ಕೆ ಅವನು ಕೂರಿಗೆ ಹೂಡುವುದಿಲ್ಲ. ಪಕ್ಕದವರು ಬಿತ್ತಿದರೆಂದು ಒಣಮಣ್ಣಿಗೆ ಬೀಜ ಚೆಲ್ಲುವುದಿಲ್ಲ, ಬೀಜವನ್ನು ಮಾರಿ ತಿನ್ನುವುದೂ ಇಲ್ಲ. ಇಟ್ಟುಕೊಂಡು ಕಾಯುತ್ತಾನೆ. ಮಕ್ಕಳ ಓದಿನಲ್ಲಿ ಮಾತ್ರ ಈ ವರ್ಷವೇ ಆಗಬೇಕು ಎಂದು ಏಕೆ ಅವಸರಪಡುತ್ತೇವೆ? ಒಂದು ವರ್ಷ ಯಾವುದಾದರೂ ಸಂಶೋಧನಾ ಯೋಜನೆಯಲ್ಲಿ ಸಹಾಯಕರಾಗಿ ದುಡಿದರೆ ಕೈಗೆ ನಾಲ್ಕು ಕಾಸು ಬರುತ್ತದೆ, ಸಂಶೋಧನೆ ತನಗೆ ಒಗ್ಗುತ್ತದೋ ಇಲ್ಲವೋ ತಿಳಿಯುತ್ತದೆ, ಪರೀಕ್ಷೆಯನ್ನೂ ಮತ್ತೆ ಬರೆಯಬಹುದು.

ನನ್ನ ಅಭಿಪ್ರಾಯ

ಆ ತಂದೆ ಮಗಳಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. “ಯಜಮಾನ್ರ, ಆರೆಕರೆ ಒಣಬೇಸಾಯದ ಮನೆ ನೆರವಿಲ್ಲದ ಓದಿಗೆ ಹೊಲ ಬರೆದುಕೊಡಬಾರದ್ರಿ. ಮೊದಲನೆಯ ಕಾಗದ ಎಷ್ಟೇ ಚಂದ ಇರಲಿ, ಅದನ್ನ ಬಿಡ್ರಿ” ಎಂದೆ. ಮಗಳಿಗೆ, “ತಂಗಿ, ಎರಡನೇ ಕಾಗದಕ್ಕ ಅಪ್ಪನ ಹೊಲ ಉಳೀತು ಅನ್ನೋದಕ್ಕಾಗಿ ಹೂಂ ಅನ್ನಬ್ಯಾಡ. ನಿನಗ ಆ ಕೆಲಸ ಬೇಕಾಗಿದ್ದರ ಅನ್ನು. ಬ್ಯಾಡಾದರ ಎರಡನ್ನೂ ಬಿಡು, ಒಂದು ವರ್ಷ ಕಾಯಿ, ಇಲ್ಲೇ ಫೆಲೋಶಿಪ್ ಪರೀಕ್ಷೆ ಬರಿ. ಎರಡೂ ಬಿಟ್ಟರ ಸೋತಂಗ ಅಲ್ಲ” ಎಂದೆ.

ಅವಸರದ ಭಯ ಅವರಿಗೆ ಇನ್ನೂ ಇತ್ತು. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ನೆರವಿನ ಸ್ಥಾನ ಕೊಟ್ಟವರಿಗೆ ಉತ್ತರ ತಿಳಿಸಲು ಏಪ್ರಿಲ್ 15ರವರೆಗೆ ಸಮಯ ಕೊಡಲು ತಮ್ಮೊಳಗೆ ಒಪ್ಪಂದ ಮಾಡಿಕೊಂಡಿವೆ. ಆ ಕಾಗದದಲ್ಲೂ ಅದೇ ತಾರೀಖು ಇತ್ತು. ಅದನ್ನು ತೋರಿಸಿದೆ. ಹುಡುಗಿ ಅಲ್ಲೇ ಕುಳಿತು ಪ್ರಾಧ್ಯಾಪಕರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಂಡಳು. ನಾನು ಹೇಳಿದ ನಾಲ್ಕರ ಕೆಳಗೆ ತಾನೇ ಐದನೆಯದೊಂದನ್ನು ಸೇರಿಸಿದಳು. ಎರಿ ಮಣ್ಣಿನ ತೇವದ ಮೇಲೆ ಕೆಲಸ ಮಾಡಲು ಅಲ್ಲಿ ಅವಕಾಶವಿದೆಯೇ ಎಂಬುದು ಅದು. ಅದನ್ನು ಓದಿದಾಗ ಅವಳ ಉತ್ತರ ಏನಾಗಬಹುದೆಂದು ನನಗೆ ಸ್ವಲ್ಪ ಹೊಳೆಯಿತು. ಆದರೆ ಹೇಳಲಿಲ್ಲ. ಹೇಳಬೇಕಾದವಳು ಅವಳೇ.

ವಾಚನಾಲಯದಲ್ಲಿ ಈ ಪುಟ ಓದುತ್ತಿರುವ ತಂದೆ ತಾಯಂದಿರೇ, ಮಕ್ಕಳು ಕಾಗದ ತಂದಾಗ ಮೊದಲು “ಎಷ್ಟು ವರ್ಷ?” ಎಂದು ಕೇಳಬೇಡಿ. “ಖರ್ಚು ಯಾರದು? ಕೆಲಸ ನಿನಗೆ ಬೇಕಾದದ್ದೇ?” ಎಂದು ಕೇಳಿರಿ. ಎರಡಕ್ಕೂ ಒಳ್ಳೆಯ ಉತ್ತರ ಬಂದರೆ ಐದು ವರ್ಷವಾದರೂ ಹರಸಿ ಕಳಿಸಿರಿ. ಒಂದಕ್ಕೆ ಬಾರದಿದ್ದರೆ ಕಾಯಿರಿ. ಹೊಲ ಇದ್ದಲ್ಲಿ ಇರಲಿ. ಮಗು ಮರಳಿ ಬಂದಾಗ ತಾನು ಕಲಿತದ್ದನ್ನು ಮೊದಲು ಮಾಡಿ ನೋಡಲು ಅದೇ ಬೇಕಾಗುತ್ತದೆ.